ಪ್ರಾಮಿಸ್ ಬಾಯಿಪಾಠ ಬೇಡ, ಒಂದು ಬರೆದು ನೋಡಿ

ಜಾವಾಸ್ಕ್ರಿಪ್ಟ್ ಬರುತ್ತದೆ ಎಂದು ರೆಸ್ಯೂಮೆಯಲ್ಲಿ ಬರೆದುಕೊಂಡ ಯಾವ ಫ್ರೆಶರ್‌ನನ್ನು ಕೇಳಿದರೂ ‘ಪ್ರಾಮಿಸ್ ಎಂದರೇನು?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ಅದಕ್ಕೆ ಮೂರು ಸ್ಥಿತಿಗಳು: ಪೆಂಡಿಂಗ್, ಫುಲ್‌ಫಿಲ್ಡ್, ರಿಜೆಕ್ಟೆಡ್. ಬೆಳಗ್ಗೆ ಸಂದರ್ಶನಕ್ಕೆ ಬಂದವರೂ ಇದನ್ನೇ ಹೇಳುತ್ತಾರೆ, ಊಟದ ನಂತರ ಬಂದವರೂ ಇದನ್ನೇ ಹೇಳುತ್ತಾರೆ, ಅದೂ ಇದೇ ಕ್ರಮದಲ್ಲಿ. ಮುಂದಿನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿ: ‘ದೆನ್‌ಗೆ ಕೊಟ್ಟ ಫಂಕ್ಷನ್ ಒಳಗಿಂದ ಇನ್ನೊಂದು ಪ್ರಾಮಿಸ್ಸನ್ನೇ ರಿಟರ್ನ್ ಮಾಡಿದರೆ ಏನಾಗುತ್ತದೆ?’ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತದೆ.

ಈ ಮೌನವನ್ನು ತುಂಬಲು ಇನ್ನೊಂದು ವಿಡಿಯೊ, ಇನ್ನೊಂದು ‘ನೂರು ಸಂದರ್ಶನ ಪ್ರಶ್ನೆಗಳು’ ಪಿಡಿಎಫ್, ಸಾವಿರಾರು ರೂಪಾಯಿ ಶುಲ್ಕದ ಇನ್ನೊಂದು ಕೋರ್ಸ್ ಬೇಕಿಲ್ಲ ಎಂಬುದು ನನ್ನ ವಾದ. ಬೇಕಿರುವುದು ಒಂದು ಪುಟ್ಟ ಪ್ರಾಮಿಸ್ ಲೈಬ್ರರಿ. ಮೊದಲು ಯಾರೋ ಬರೆದದ್ದನ್ನು ಓದಿ, ಆಮೇಲೆ ನಿಮ್ಮದೇ ಒಂದನ್ನು ಬರೆಯಿರಿ. ನೂರೈವತ್ತು ಸಾಲು ಸಾಕು. ಎರಡು ಭಾನುವಾರಗಳ ಕೆಲಸ.

ಪ್ರಾಮಿಸ್ ಯಾಕೆ ಬೇಕಾಯಿತು ಎಂಬುದರಿಂದ ಶುರು ಮಾಡೋಣ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. ಬ್ರೌಸರ್ ಪುಟದಲ್ಲಿ ಅದು ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಸರ್ವರ್‌ನಿಂದ ಉತ್ತರ ಬರಲು ಮೂರು ಸೆಕೆಂಡ್ ಬೇಕು ಎಂದುಕೊಳ್ಳಿ. ಅಷ್ಟು ಹೊತ್ತೂ ಅದು ಕಾಯುತ್ತಾ ನಿಂತರೆ ಪುಟವೇ ಕಲ್ಲಾಗುತ್ತದೆ. ಬಟನ್ ಒತ್ತಿದರೂ ಅಲುಗುವುದಿಲ್ಲ. ಹಾಗಾಗಿ ‘ಉತ್ತರ ಬಂದಾಗ ಈ ಫಂಕ್ಷನ್ನನ್ನು ಕರೆ’ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗುವುದು ರೂಢಿಯಾಯಿತು. ಅದೇ ಕಾಲ್‌ಬ್ಯಾಕ್. 2009ರಲ್ಲಿ ರಯಾನ್ ಡಾಲ್ ನೋಡ್ ಜೆಎಸ್ ತಂದ ಮೇಲೆ ಇದೇ ಪದ್ಧತಿ ಸರ್ವರ್‌ಗೂ ಬಂತು. ಫೈಲ್ ಓದಿದ ಮೇಲೆ ಡೇಟಾಬೇಸ್ ಕೇಳು, ಅದಾದ ಮೇಲೆ ಇಮೇಲ್ ಕಳಿಸು, ಅದಾದ ಮೇಲೆ ಲಾಗ್ ಬರೆ. ಒಂದರೊಳಗೆ ಒಂದು ಫಂಕ್ಷನ್ ಸೇರಿ ಕೋಡ್ ಬಲಕ್ಕೆ ಬಲಕ್ಕೆ ಜಾರುತ್ತಾ ಹೋಯಿತು. ‘ಕಾಲ್‌ಬ್ಯಾಕ್ ನರಕ’ ಎಂಬ ಹೆಸರು ಬಂದದ್ದು ಆಗಲೇ.

ನಮ್ಮ ಬಹುತೇಕ ಪಾಠಗಳು ಇಲ್ಲಿಗೇ ನಿಲ್ಲುತ್ತವೆ. ಕೋಡ್ ನೋಡಲು ಚೆನ್ನಾಗಿರಲಿಲ್ಲ, ಪ್ರಾಮಿಸ್ ಬಂದು ಚೆನ್ನಾಗಿ ಕಾಣಿಸಿತು, ಅಷ್ಟೇ ಎಂಬಂತೆ. ಅಂದ ಇಲ್ಲಿ ಎರಡನೆಯ ಮಾತು. ಕಾಲ್‌ಬ್ಯಾಕ್ ಕೊಡುವುದೆಂದರೆ ನಮ್ಮ ಫಂಕ್ಷನ್ನನ್ನು ಬೇರೆಯವರ ಕೈಗೆ ಒಪ್ಪಿಸುವುದು. ಅವರು ಅದನ್ನು ಎರಡು ಸಲ ಕರೆದರೆ? ಕರೆಯಲೇ ಇಲ್ಲವಾದರೆ? ಒಮ್ಮೆ ತಕ್ಷಣವೇ ಕರೆದು ಇನ್ನೊಮ್ಮೆ ತಡವಾಗಿ ಕರೆದರೆ? ಒಳಗೆ ದೋಷ ಉಂಟಾದರೆ ಆ ಸುದ್ದಿ ಯಾರಿಗೆ ಮುಟ್ಟುತ್ತದೆ? ಹಣ ಪಾವತಿಯ ಫಂಕ್ಷನ್ ಎರಡು ಸಲ ಓಡಿದರೆ ಏನಾಗಬಹುದು ಎಂದು ಯೋಚಿಸಿ ನೋಡಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಸೈಬರ್ ಕೆಫೆಯಲ್ಲಿ ಕೂತವರಿಗೆ ಇದು ತಮಾಷೆಯ ವಿಷಯವಲ್ಲ. ಖಾತೆಯಿಂದ ಹಣ ಹೋಗಿರುತ್ತದೆ, ಅರ್ಜಿ ಸಲ್ಲಿಕೆಯಾಗಿರುವುದಿಲ್ಲ, ಪರದೆಯ ಮೇಲೆ ಚಕ್ರ ಮಾತ್ರ ತಿರುಗುತ್ತಿರುತ್ತದೆ. ಎಲ್ಲ ಸಲವೂ ಕಾರಣ ಇದೇ ಎನ್ನಲಾಗದು. ಆದರೆ ದೋಷವೊಂದು ಯಾರಿಗೂ ಗೊತ್ತಾಗದಂತೆ ನುಂಗಿಹೋದಾಗ ಹೀಗೆ ಕಾಣಿಸುವುದು ಮಾತ್ರ ನಿಜ.

ದರ್ಶಿನಿಯಲ್ಲಿ ಕಾಫಿಗೆ ದುಡ್ಡು ಕೊಟ್ಟಾಗ ಟೋಕನ್ ಕೊಡುತ್ತಾರಲ್ಲ, ಪ್ರಾಮಿಸ್ ಅಂಥದ್ದು. ಟೋಕನ್ ಕಾಫಿಯಲ್ಲ, ಆದರೆ ಕೈಯಲ್ಲಿ ಹಿಡಿಯಬಹುದಾದ ವಸ್ತು. ಗೆಳೆಯನಿಗೆ ಕೊಟ್ಟು ‘ನೀನು ತಗೊಂಡು ಬಾ’ ಎನ್ನಬಹುದು. ಒಂದು ಟೋಕನ್‌ಗೆ ಒಂದೇ ಕಾಫಿ. ಹಾಲು ಮುಗಿದಿದ್ದರೆ ‘ಇಲ್ಲ’ ಎಂಬ ಉತ್ತರವೂ ಅದೇ ಕೌಂಟರ್‌ನಲ್ಲೇ ಸಿಗುತ್ತದೆ. ಕಾಲ್‌ಬ್ಯಾಕ್‌ನಲ್ಲಿ ಇಲ್ಲದಿದ್ದದ್ದು ಈ ಟೋಕನ್. ಮುಂದೆ ಬರಲಿರುವ ಬೆಲೆಯನ್ನು ಈಗಲೇ ಒಂದು ವಸ್ತುವಾಗಿ ಹಿಡಿದುಕೊಳ್ಳುವುದು ಇಲ್ಲಿನ ಮುಖ್ಯ ಆಲೋಚನೆ.

ಈ ಆಲೋಚನೆ ಜಾವಾಸ್ಕ್ರಿಪ್ಟ್‌ಗಿಂತ ಹಳೆಯದು. ಪ್ರಾಮಿಸ್ ಎಂಬ ಹೆಸರನ್ನು ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ 1976ರಲ್ಲೇ ಬಳಸಿದ್ದರು. 1988ರಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೊವ್ ಮತ್ತು ಲಿಯುಬಾ ಶ್ರಿರಾ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಲಿಸ್ಕೊವ್ ಮುಂದೆ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಜಾವಾಸ್ಕ್ರಿಪ್ಟ್ ಲೋಕಕ್ಕೆ ಇದು ಬಂದದ್ದು ಕ್ರಿಸ್ ಕೋವಲ್ ಅವರ ‘ಕ್ಯೂ’ದಂಥ ಲೈಬ್ರರಿಗಳ ಮೂಲಕ, ಮನೆಮನೆಗೆ ಮುಟ್ಟಿಸಿದ್ದು 2011ರಲ್ಲಿ ಬಂದ ಜೆಕ್ವೆರಿ 1.5. ಆದರೆ ಜೆಕ್ವೆರಿಯ ಪ್ರಾಮಿಸ್‌ನಲ್ಲಿ ಒಂದು ಐಬಿತ್ತು. ದೆನ್ ಒಳಗೆ ದೋಷ ಎಸೆದರೆ ಅದು ಸರಪಳಿಯ ಮುಂದಿನ ಕೊಂಡಿಗೆ ಹೋಗುತ್ತಿರಲಿಲ್ಲ. ಅದು ಸರಿಯಾದದ್ದು 2016ರ ಜೆಕ್ವೆರಿ 3ರಲ್ಲಿ. ಅಷ್ಟರೊಳಗೆ, 2012ರ ಕೊನೆಯಲ್ಲಿ, ಹಲವು ಲೈಬ್ರರಿಗಳ ಕರ್ತೃಗಳು ಸೇರಿ ‘ಪ್ರಾಮಿಸಸ್ ಎ ಪ್ಲಸ್’ ಎಂಬ ಪುಟ್ಟ ನಿಯಮಾವಳಿಯನ್ನು ಒಪ್ಪಿಕೊಂಡಿದ್ದರು. ಪ್ರಾಮಿಸ್ ಹೇಗೆ ಹುಟ್ಟಬೇಕು ಎಂಬುದನ್ನೂ ಅದು ಹೇಳುವುದಿಲ್ಲ. ದೆನ್ ಎಂಬ ಒಂದೇ ಒಂದು ಮೆಥಡ್ ಹೇಗೆ ನಡೆದುಕೊಳ್ಳಬೇಕು ಎಂಬುದಷ್ಟೇ ಅದರ ವಿಷಯ.

ನಿಯಮ ಚಿಕ್ಕದಾಗಿದ್ದರಿಂದಲೇ ಚಿಕ್ಕ ಲೈಬ್ರರಿಗಳು ಹುಟ್ಟಿದವು. ಬ್ಲೂಬರ್ಡ್‌ನಂಥ ದೊಡ್ಡ, ವೇಗದ, ನೂರೆಂಟು ಸೌಕರ್ಯಗಳ ಲೈಬ್ರರಿ ಒಂದು ಕಡೆ. ‘ಲೈ’, ‘ಜೌಸನ್’, ‘ಪ್ರಾಮಿಸ್ ಪಾಲಿಫಿಲ್’ನಂಥ ಕೆಲವೇ ಕಿಲೋಬೈಟ್‌ಗಳ ಹಗುರ ಲೈಬ್ರರಿಗಳು ಇನ್ನೊಂದು ಕಡೆ. (ಪ್ರಾಮಿಸ್ ಲೈಬ್ರರಿಗೆ ‘ಸುಳ್ಳು’ ಎಂಬರ್ಥದ ಲೈ ಎಂದು ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ಶರಣು.) ಓದಲು ಇವು ಹೇಳಿ ಮಾಡಿಸಿದಂತಿವೆ. ಡಿಗ್ರಿಯಲ್ಲಿ ನಾವು ಡೇಟಾ ಸ್ಟ್ರಕ್ಚರ್ ಪುಸ್ತಕ ಓದುತ್ತೇವೆ, ಆದರೆ ಜಗತ್ತು ನಿಜವಾಗಿ ಬಳಸಿದ ಒಂದು ಕೋಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದವರು ಕಡಿಮೆ. ಆಪರೇಟಿಂಗ್ ಸಿಸ್ಟಂ ಅನ್ನು ಹಾಗೆ ಓದಲಾಗದು, ರಿಯಾಕ್ಟ್ ಅನ್ನೂ ಓದಲಾಗದು. ಇದನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಓದಿದ ಮೇಲೆ ಫೈಲ್ ಮುಚ್ಚಿ, ನಿಮ್ಮದನ್ನು ಶುರು ಮಾಡಿ. ಒಳಗೆ ಬೇಕಾದದ್ದು ಮೂರೇ ವಸ್ತು: ಈಗಿನ ಸ್ಥಿತಿ, ಸಿಕ್ಕ ಬೆಲೆ, ಮತ್ತು ಕಾಯುತ್ತಿರುವವರ ಪಟ್ಟಿ. ದೆನ್ ಕರೆದಾಗ ಉತ್ತರ ಇನ್ನೂ ಬಂದಿಲ್ಲದಿದ್ದರೆ ಪಟ್ಟಿಗೆ ಸೇರಿಸಿ. ಬಂದಿದ್ದರೆ ಫಂಕ್ಷನ್ನನ್ನು ಕರೆಯಿರಿ. ಅರ್ಧ ಗಂಟೆಯಲ್ಲಿ ಇಷ್ಟಾಗುತ್ತದೆ, ‘ಅಯ್ಯೋ ಇಷ್ಟೇನಾ’ ಎನಿಸುತ್ತದೆ. ಕಷ್ಟ ಶುರುವಾಗುವುದು ಆಮೇಲೆ.

ಮೊದಲ ಕಷ್ಟ: ಉತ್ತರ ಈಗಾಗಲೇ ಬಂದಿದ್ದರೂ ಫಂಕ್ಷನ್ನನ್ನು ತಕ್ಷಣ ಕರೆಯುವಂತಿಲ್ಲ. ಈಗ ಓಡುತ್ತಿರುವ ಕೋಡ್ ಪೂರ್ತಿ ಮುಗಿದ ಮೇಲೆಯೇ ಕರೆಯಬೇಕೆಂದು ನಿಯಮ. ಯಾಕೆ? ಒಂದು ಫಂಕ್ಷನ್ ವಿದ್ಯಾರ್ಥಿಯ ಅಂಕಗಳನ್ನು ತರುತ್ತದೆ ಎಂದುಕೊಳ್ಳಿ. ಮೊದಲ ಸಲ ಸರ್ವರ್‌ಗೆ ಹೋಗಬೇಕು, ಹಾಗಾಗಿ ಉತ್ತರ ತಡ. ಎರಡನೆಯ ಸಲ ನೆನಪಿನಲ್ಲೇ ಇದೆ, ಹಾಗಾಗಿ ತಕ್ಷಣ. ದೆನ್‌ನ ಕೆಳಗಿನ ಸಾಲು ಒಮ್ಮೆ ಮೊದಲು ಓಡುತ್ತದೆ, ಇನ್ನೊಮ್ಮೆ ಆಮೇಲೆ ಓಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದ ಪ್ರೋಗ್ರಾಂ ಬಳಕೆದಾರರ ಮೊಬೈಲ್‌ನಲ್ಲಿ ಮಾತ್ರ ಕೆಡುವುದು ಹೀಗೇ. ‘ಯಾವಾಗಲೂ ಆಮೇಲೆ’ ಎಂಬ ಒಂದೇ ನಿಯಮ ಈ ಗೊಂದಲವನ್ನು ಅಳಿಸಿಹಾಕುತ್ತದೆ. ಹಳೆಯ ಬ್ರೌಸರ್‌ಗಳಲ್ಲಿ ಈ ‘ಆಮೇಲೆ’ಯನ್ನು ಸಾಧಿಸಲು ಲೈಬ್ರರಿಗಳು ಪಟ್ಟ ಪಾಡು ಒಂದು ಕಥೆಯೇ. ಸೆಟ್‌ಟೈಮ್‌ಔಟ್ ನಿಧಾನವೆಂದು, ಪುಟದ ಬದಲಾವಣೆ ಗಮನಿಸಲು ಇದ್ದ ಮ್ಯುಟೇಶನ್ ಅಬ್ಸರ್ವರ್ ಎಂಬ ಸೌಲಭ್ಯವನ್ನೇ ಗಂಟೆ ಬಾರಿಸಲು ಬಳಸಿಕೊಂಡರು. ಈಗ ಕ್ಯೂಮೈಕ್ರೊಟಾಸ್ಕ್ ಎಂಬ ನೇರ ದಾರಿಯಿದೆ.

ಇದನ್ನು ಕೈಯಾರೆ ಬರೆದವರಿಗೆ ಸಂದರ್ಶನದ ಆ ಹಳೆಯ ಪ್ರಶ್ನೆ, ಅಂದರೆ ಐದಾರು ಸಾಲುಗಳಲ್ಲಿ ಯಾವುದು ಮೊದಲು ಪ್ರಿಂಟ್ ಆಗುತ್ತದೆ ಎನ್ನುವುದು, ಒಗಟಾಗಿ ಉಳಿಯುವುದಿಲ್ಲ. ಹೊಸ ಪ್ರಾಮಿಸ್‌ಗೆ ಕೊಟ್ಟ ಫಂಕ್ಷನ್ ಅಲ್ಲೇ ಆಗಲೇ ಓಡುತ್ತದೆ, ದೆನ್‌ಗೆ ಕೊಟ್ಟದ್ದು ಆಮೇಲೆ ಓಡುತ್ತದೆ, ಸೆಟ್‌ಟೈಮ್‌ಔಟ್‌ನದು ಇನ್ನೂ ಆಮೇಲೆ.

ಎರಡನೆಯ ಕಷ್ಟವೇ ಇಡೀ ವಿಷಯದ ಬೇರು. ದೆನ್ ಪ್ರತಿ ಸಲವೂ ಹೊಸದೊಂದು ಪ್ರಾಮಿಸ್ ಕೊಡಬೇಕು. ಒಳಗಿನ ಫಂಕ್ಷನ್ ಏನು ಹಿಂತಿರುಗಿಸುತ್ತದೋ ಅದು ಆ ಹೊಸ ಪ್ರಾಮಿಸ್‌ನ ಹಣೆಬರಹ. ಬೆಲೆ ಕೊಟ್ಟರೆ ಈಡೇರುತ್ತದೆ, ದೋಷ ಎಸೆದರೆ ಮುರಿಯುತ್ತದೆ, ಇನ್ನೊಂದು ಪ್ರಾಮಿಸ್ ಕೊಟ್ಟರೆ ಅದರ ಗತಿಯೇ ಇದರ ಗತಿ. ಆ ಫ್ಯಾನ್ ಸದ್ದಿನ ಪ್ರಶ್ನೆಗೆ ಉತ್ತರ ಇದು. ಬಾಯಿಪಾಠದಲ್ಲಿ ಒಂದು ಸಾಲು. ಬರೆಯಲು ಕೂತರೆ ಒಂದು ಭಾನುವಾರ. ಪ್ರಾಮಿಸ್ ತನ್ನನ್ನು ತಾನೇ ಹಿಂತಿರುಗಿಸಿದರೆ? ತನ್ನ ನೆರಳಿಗೆ ತಾನೇ ಕಾಯುತ್ತಾ ಕೂರುತ್ತದೆ, ಹಾಗಾಗಿ ಟೈಪ್‌ಎರರ್ ಕೊಡಬೇಕು. ಬೇರೆ ಯಾರದೋ ಲೈಬ್ರರಿಯ ಪ್ರಾಮಿಸ್ ಬಂದರೆ? ದೆನ್ ಎಂಬ ಮೆಥಡ್ ಇದ್ದರೆ ಸಾಕು, ಅದನ್ನೂ ನಂಬಬೇಕು, ಆದರೆ ಕಣ್ಣುಮುಚ್ಚಿ ನಂಬಬಾರದು. ಅದು ‘ಈಡೇರಿತು’, ‘ಮುರಿಯಿತು’ ಎರಡನ್ನೂ ಕೂಗಿದರೆ ಮೊದಲು ಕೂಗಿದ್ದಷ್ಟೇ ಲೆಕ್ಕಕ್ಕೆ. ಅದರ ದೆನ್ ಅನ್ನು ಒಂದೇ ಸಲ ಓದಬೇಕು, ಏಕೆಂದರೆ ಎರಡನೆಯ ಸಲ ಓದುವಷ್ಟರಲ್ಲಿ ಅದು ಬೇರೆಯಾಗಿರಬಹುದು! ಗುರುತಿಲ್ಲದವರ ಕೋಡ್ ಜೊತೆ ಹೇಗೆ ವ್ಯವಹರಿಸಬೇಕು ಎಂಬ ಪಾಠವನ್ನು ಇಷ್ಟು ಕಡಿಮೆ ಸಾಲುಗಳಲ್ಲಿ ಕಲಿಸುವ ಬೇರೆ ಅಭ್ಯಾಸ ನನಗೆ ಗೊತ್ತಿಲ್ಲ.

ಸರಿಯಾಯಿತೋ ಇಲ್ಲವೋ ಎಂದು ಮೇಷ್ಟ್ರನ್ನು ಕೇಳಬೇಕಿಲ್ಲ. ಪ್ರಾಮಿಸಸ್ ಎ ಪ್ಲಸ್‌ನದೇ ಪರೀಕ್ಷಾ ಕಂತೆ ಉಚಿತವಾಗಿ ಸಿಗುತ್ತದೆ, ಅದರಲ್ಲಿ 872 ಪರೀಕ್ಷೆಗಳಿವೆ. ಕೆಲವು ಸಾಲುಗಳ ಅಡಾಪ್ಟರ್ ಬರೆದು ಓಡಿಸಿದರೆ ಎಷ್ಟು ಪಾಸ್, ಎಷ್ಟು ಫೇಲ್ ಎಂದು ಅದೇ ಹೇಳುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಕೂಡ ಬೇಡ. ಹಾಸ್ಟೆಲ್ ವೈಫೈ ಕೈಕೊಟ್ಟ ದಿನವೂ ಕೆಲಸ ನಿಲ್ಲುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೂ ಒಂದು ಮಾತು: ಆ ನಿಯಮಾವಳಿ ಇಂಗ್ಲಿಷ್‌ನಲ್ಲಿದೆ ನಿಜ, ಆದರೆ ಕೆಲವೇ ಪುಟ, ಸಾಲುಗಳೆಲ್ಲ ಚಿಕ್ಕವು. ಒಂದೊಂದು ನಿಯಮವನ್ನು ಗೆಳೆಯನಿಗೆ ಕನ್ನಡದಲ್ಲಿ ವಿವರಿಸಿ, ಆಮೇಲೆ ಕೋಡ್ ಬರೆಯಿರಿ. ‘ಮಾತು ಕೊಡುವುದು’, ‘ಮಾತು ಉಳಿಸಿಕೊಳ್ಳುವುದು’, ‘ಮಾತು ಮುರಿಯುವುದು’ ನಮ್ಮ ಭಾಷೆಯಲ್ಲಿ ಹೊಸದಾಗಿ ಹುಟ್ಟಬೇಕಾದ ಪದಗಳಲ್ಲ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಒಂದು ಎಚ್ಚರಿಕೆಯೂ ಬೇಕು. ಕರುವಿಗೆ ಹಾಲುಣಿಸಿ ಬರುತ್ತೇನೆಂದ ಪುಣ್ಯಕೋಟಿ ಹೇಳಿದಂತೆ ವಾಪಸ್ ಬಂತು. ಜಾವಾಸ್ಕ್ರಿಪ್ಟ್‌ನ ಪ್ರಾಮಿಸ್ ಬರುತ್ತೇನೆ ಎನ್ನುತ್ತದೆ, ಯಾವಾಗ ಎಂದು ಹೇಳುವುದೇ ಇಲ್ಲ. ಕೊನೆಯವರೆಗೂ ಪೆಂಡಿಂಗ್ ಆಗಿಯೇ ಉಳಿದರೂ ಅದು ನಿಯಮಕ್ಕೆ ವಿರುದ್ಧವಲ್ಲ. ಗಡುವು ಬೇಕಿದ್ದರೆ ನಾವೇ ಹಾಕಬೇಕು, ಉದಾಹರಣೆಗೆ ಪ್ರಾಮಿಸ್ ರೇಸ್ ಬಳಸಿ ಒಂದು ಟೈಮರ್ ಜೊತೆ ಓಟಕ್ಕೆ ಬಿಡಬೇಕು. ಹಾಗೆ ಬಿಟ್ಟರೂ ಸೋತ ಕೆಲಸ ನಿಲ್ಲುವುದಿಲ್ಲ, ಹಿಂದೆ ಓಡುತ್ತಲೇ ಇರುತ್ತದೆ.

‘ಈಗ ಅಸಿಂಕ್, ಅವೇಯ್ಟ್ ಇದೆಯಲ್ಲ, ಇದೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. 2015ರಲ್ಲಿ ಪ್ರಾಮಿಸ್ ಭಾಷೆಯ ಭಾಗವಾಯಿತು, 2017ರಲ್ಲಿ ಅಸಿಂಕ್ ಅವೇಯ್ಟ್ ಬಂತು, ನಿಜ. ಆದರೆ ಅವೇಯ್ಟ್ ಎಂಬುದು ಪ್ರಾಮಿಸ್ ಮೇಲೆ ಹಾಸಿದ ಚಾಪೆ. ಕೆಳಗೆ ನೆಲ ಹೇಗಿದೆ ಎಂದು ಗೊತ್ತಿಲ್ಲದವರು ಎಡವುವುದು ನೋಡಿದರೆ ಸಾಕು. ಫಾರ್‌ಈಚ್ ಒಳಗೆ ಅವೇಯ್ಟ್ ಹಾಕಿ ‘ಯಾಕೆ ಕಾಯುತ್ತಿಲ್ಲ’ ಎಂದು ತಲೆ ಕೆರೆದುಕೊಳ್ಳುವವರೇ ಹೆಚ್ಚು. ಫಾರ್‌ಈಚ್ ನಿಮ್ಮ ಫಂಕ್ಷನ್ ಕೊಟ್ಟ ಪ್ರಾಮಿಸ್ಸನ್ನು ತೆಗೆದು ಎಸೆಯುತ್ತದೆ, ಕಾಯುವುದೆಲ್ಲಿ? ಒಂದಕ್ಕೊಂದು ಸಂಬಂಧವಿಲ್ಲದ ಮೂರು ವಿಷಯಗಳನ್ನು ಸರ್ವರ್‌ನಿಂದ ತರಬೇಕು, ತಲಾ ಎರಡು ಸೆಕೆಂಡ್ ಎಂದುಕೊಳ್ಳಿ. ಒಂದರ ಕೆಳಗೊಂದು ಅವೇಯ್ಟ್ ಬರೆದರೆ ಆರು ಸೆಕೆಂಡ್, ಪ್ರಾಮಿಸ್ ಆಲ್‌ನಲ್ಲಿ ಒಟ್ಟಿಗೆ ಬಿಟ್ಟರೆ ಹೆಚ್ಚುಕಡಿಮೆ ಎರಡು. ನೋಡ್ 15ರಿಂದ, ಅಂದರೆ 2020ರ ಅಕ್ಟೋಬರ್‌ನಿಂದ, ಮುರಿದ ಪ್ರಾಮಿಸ್ಸನ್ನು ಯಾರೂ ಹಿಡಿಯದಿದ್ದರೆ ಇಡೀ ಸರ್ವರ್ ಪ್ರೋಗ್ರಾಂ ನಿಂತೇಹೋಗುತ್ತದೆ. ಅದಕ್ಕೂ ಮೊದಲು ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. ಎಐಗೆ ಹೇಳಿದರೆ ಕೋಡ್ ಬರೆದುಕೊಡುತ್ತದೆ ಎಂಬ ಮಾತಿಗೂ ನನ್ನ ಉತ್ತರ ಇದೇ. ಅದು ಬರೆದುಕೊಟ್ಟದ್ದರಲ್ಲಿ ಒಂದು ಅವೇಯ್ಟ್ ಬಿಟ್ಟುಹೋಗಿದೆಯೇ ಎಂದು ನೋಡಲು ಕೂರಿಸುವುದು ನಿಮ್ಮನ್ನೇ. ಸಂಬಳ ಕೊಡುವುದೂ ಅದಕ್ಕೇ.

ಹಾಗಾದರೆ ಕೆಲಸದಲ್ಲಿ ಹಗುರ ಲೈಬ್ರರಿ ಬಳಸಬೇಕೇ? ಇಲ್ಲಿ ನನ್ನ ಅಭಿಪ್ರಾಯ ತುಸು ಒಣಗಲು: ಹೆಚ್ಚಿನ ಕಡೆ ಬೇಡ. ಬ್ಲೂಬರ್ಡ್ ಬರೆದವರೇ ತಮ್ಮ ಪರಿಚಯ ಪುಟದಲ್ಲಿ, ಸಾಧ್ಯವಿದ್ದರೆ ಭಾಷೆಯಲ್ಲೇ ಇರುವ ಪ್ರಾಮಿಸ್ ಬಳಸಿ ಎಂದಿದ್ದಾರೆ. ಅಂಥ ಪ್ರಾಮಾಣಿಕತೆ ಅಪರೂಪ. ಪ್ರಾಮಿಸ್ ಇಲ್ಲದ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೂ 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ವಿದಾಯ ಹೇಳಿಯಾಯಿತು. ಹಳೆಯ ಟಿವಿಗಳ ಬ್ರೌಸರ್, ಯಂತ್ರದೊಳಗೆ ಕೂರಿಸಿದ ಪುಟ್ಟ ಜಾವಾಸ್ಕ್ರಿಪ್ಟ್ ಎಂಜಿನ್, ಇಂಥ ಕಡೆ ಮಾತ್ರ ಅವುಗಳಿಗೆ ಇನ್ನೂ ಕೆಲಸವಿದೆ.

‘ಚಿಕ್ಕದು ತಾನೇ, ಹಾಕಿಕೊಂಡರಾಯಿತು’ ಎನ್ನುವ ಉಡಾಫೆಯೂ ಅಪಾಯ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನಿಂದ ತೆಗೆದುಹಾಕಿದಾಗ ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿತ್ತು. 2020ರ ಏಪ್ರಿಲ್‌ನಲ್ಲಿ ಈಸ್‌ಪ್ರಾಮಿಸ್ ಎಂಬ ಇನ್ನೊಂದು ಪ್ಯಾಕೇಜ್ ಸುದ್ದಿಯಾಯಿತು. ‘ಇದು ಪ್ರಾಮಿಸ್ಸೇ?’ ಎಂದು ನೋಡುವುದಷ್ಟೇ ಅದರ ಕೆಲಸ, ಬರೆದರೆ ಒಂದು ಸಾಲು. ಅದರ ಹೊಸ ಆವೃತ್ತಿಯಲ್ಲಾದ ಎಡವಟ್ಟಿನಿಂದ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಂಥ ದೊಡ್ಡ ಸಾಧನಗಳೇ ಕೆಲಕಾಲ ಕೈಕೊಟ್ಟವು. ಹಗುರ ಎಂಬುದನ್ನು ಕಿಲೋಬೈಟ್‌ನಲ್ಲಿ ಮಾತ್ರ ಅಳೆದರೆ ಸಾಲದು. ಆ ಒಂದು ಸಾಲಿನ ಜೊತೆ ಗುರುತಿಲ್ಲದ ಒಬ್ಬರ ಖಾತೆ, ಅವರ ಪಾಸ್‌ವರ್ಡ್, ಅವರ ಬಿಡುವು, ಅವರ ಮನಸ್ಸು ಎಲ್ಲವೂ ನಿಮ್ಮ ಪ್ರಾಜೆಕ್ಟ್ ಒಳಗೆ ಬರುತ್ತವೆ.

ಒಂದು ಕಡೆ ಮಾತ್ರ ನಾನು ಸಣ್ಣ ಲೈಬ್ರರಿಯ ಪರ. ಐನೂರು ಫೋಟೊ ಅಪ್‌ಲೋಡ್ ಆಗಬೇಕು, ಬಳಕೆದಾರರು ಇರುವುದು ಸಿಗ್ನಲ್ ಒಂದು ಗೀಟಿಗೆ ಇಳಿಯುವ ಊರಿನಲ್ಲಿ. ಐನೂರನ್ನೂ ಶುರುಮಾಡಿ ಪ್ರಾಮಿಸ್ ಆಲ್‌ಗೆ ಒಪ್ಪಿಸಿದರೆ ಎಲ್ಲವೂ ಒಟ್ಟಿಗೆ ಹೊರಟು ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಐದೈದರಂತೆ ಬಿಡುವ ವ್ಯವಸ್ಥೆ ಭಾಷೆಯಲ್ಲಿ ಸಿದ್ಧವಾಗಿಲ್ಲ. ಪಿ ಲಿಮಿಟ್‌ನಂಥ ಪುಟ್ಟ ಲೈಬ್ರರಿ ಅದನ್ನೇ ಮಾಡುತ್ತದೆ. ಬಳಸಿ, ಆದರೆ ಹಾಕಿಕೊಳ್ಳುವ ಮೊದಲು ತೆರೆದು ಓದಿ. ನಿಮ್ಮದೇ ಪ್ರಾಮಿಸ್ ಬರೆದವರಿಗೆ ಅದು ಹತ್ತು ನಿಮಿಷದ ಓದು. ಬೇಡವೆನಿಸಿದರೆ ಇಪ್ಪತ್ತು ಸಾಲಿನಲ್ಲಿ ನೀವೇ ಬರೆಯುತ್ತೀರಿ.

ನಿಮ್ಮ ಲೈಬ್ರರಿ 872ರಲ್ಲಿ 872 ಪಾಸಾದ ದಿನ ಅದನ್ನು ಎನ್‌ಪಿಎಂಗೆ ಹಾಕುವ ಆಸೆ ಬರುತ್ತದೆ. ಹಾಕಬೇಡಿ, ಅಲ್ಲಿ ಈಗಾಗಲೇ ಸಾಕಷ್ಟಿವೆ. ಗಿಟ್‌ಹಬ್‌ನಲ್ಲಿ ಇಟ್ಟು, ರೆಸ್ಯೂಮೆಯಲ್ಲಿ ಒಂದು ಸಾಲು ಸೇರಿಸಿ. ಸಂದರ್ಶಕರು ಅದನ್ನು ನೋಡಿದರೆ ಮೂರು ಸ್ಥಿತಿಗಳ ಪ್ರಶ್ನೆ ಕೇಳುವುದಿಲ್ಲ. ಯಾವ ಪರೀಕ್ಷೆ ಹೆಚ್ಚು ಕಾಡಿಸಿತು ಎಂದು ಕೇಳುತ್ತಾರೆ. ಹೆಚ್ಚಿನವರಿಗೆ ಕಾಡಿಸುವುದು ನಿಯಮ 2.3.3ರ ಗುಂಪು, ಬೇರೆಯವರ ದೆನ್ ಅನ್ನು ನಂಬುವ ಆ ಭಾಗ. ಅಲ್ಲಿಂದ ಮಾತು ಅರ್ಧ ಗಂಟೆ ಎಳೆಯುತ್ತದೆ, ಬಾಯಿಪಾಠದ ಪಟ್ಟಿ ಬ್ಯಾಗಿನಲ್ಲೇ ಉಳಿಯುತ್ತದೆ.